ಎರಡು ಗಳದ ಎತ್ತರ

ಮಗಳ ಒಂಬತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಗುರುತ್ವದ ಪಾಠವಿದೆ. ಮೇಲಿನಿಂದ ಬೀಳುವ ವಸ್ತು ಭಾರವಾಗಿರಲಿ, ಹಗುರಾಗಿರಲಿ, ಅದರ ವೇಗ ಹೆಚ್ಚುವ ರೀತಿ ಒಂದೇ ಎಂದು ಅಲ್ಲಿ ಬರೆದಿದ್ದಾರೆ. ಅದಕ್ಕೆ ಗುರುತ್ವ ವೇಗೋತ್ಕರ್ಷ ಎಂದು ಹೆಸರು. ಒಂಬತ್ತು ಪಾಯಿಂಟ್ ಎಂಟು ಎಂದು ಅದರ ಬೆಲೆ. ಆ ಪುಟವನ್ನು ನಾನು ಎಷ್ಟು ಸಲ ತೆರೆದಿದ್ದೇನೆಂದರೆ ಈಗ ಪುಸ್ತಕ ಕೈಗೆತ್ತಿಕೊಂಡರೆ ತಾನಾಗಿಯೇ ಅಲ್ಲಿಗೆ ಬಿಚ್ಚಿಕೊಳ್ಳುತ್ತದೆ. ಪ್ರತಿ ಸಲವೂ ಸಿಟ್ಟಿನಿಂದಲೇ ಮುಚ್ಚಿದ್ದೇನೆ. ಸಿಟ್ಟು ಪುಸ್ತಕದ ಮೇಲೋ, ಹತ್ತನೇ ತರಗತಿಯಲ್ಲಿ ವಿಜ್ಞಾನವನ್ನು ಹೇಗೋ ದಾಟಿದ ನನ್ನ ತಲೆಯ ಮೇಲೋ ಹೇಳುವುದು ಕಷ್ಟ.

ನನಗೆ ಬೇಕಾಗಿದ್ದು ಪಾಠವಲ್ಲ, ಒಂದೇ ಒಂದು ಉತ್ತರ. ನಮ್ಮ ಮನೆಯವರು ಹುಣಸೆ ಮರದಿಂದ ಬಿದ್ದು ತೀರಿಕೊಂಡರು. ಕೊಂಬೆ ಬಿಟ್ಟಾಗಿನಿಂದ ನೆಲ ಮುಟ್ಟುವವರೆಗೆ ಅವರು ಎಷ್ಟು ಹೊತ್ತು ಗಾಳಿಯಲ್ಲಿದ್ದರು? ತಾನು ಬೀಳುತ್ತಿದ್ದೇನೆ ಎಂದು ತಿಳಿದು ಹೆದರುವಷ್ಟು ಹೊತ್ತು ಇತ್ತೇ? ಇರಬಾರದು ಎಂಬುದು ನನ್ನ ಆಸೆ. ಆಸೆ ಬೇರೆ, ತಿಳಿವಳಿಕೆ ಬೇರೆ. ತಿಳಿಯದೆ ನಿದ್ದೆ ಬರುತ್ತಿರಲಿಲ್ಲ.

ನಮ್ಮದು ಸವಣೂರು ತಾಲ್ಲೂಕಿನ ಸಣ್ಣ ಊರು. ನಮ್ಮ ಮನೆಯವರೂ ಸವಣೂರಿನ ಅವರ ಪಾಲುದಾರರೂ ಸೇರಿ ಹುಣಸೆ ಮರಗಳನ್ನು ಗುತ್ತಿಗೆ ಹಿಡಿಯುತ್ತಿದ್ದರು. ಹೊಲದ ಬದುವಿನ ಮರ, ಹಾನಗಲ್ಲಿನ ಕಡೆ ತೋಟದಂಚಿನ ಮರ, ಒಮ್ಮೊಮ್ಮೆ ಹಿರೇಕೆರೂರಿನವರೆಗೂ ಹೋಗಿ ಮರ ನೋಡಿ ಬರುತ್ತಿದ್ದರು. ಹಣ್ಣು ಒಣಗಿ ಗಲಗಲ ಅನ್ನುವ ದಿನಗಳಲ್ಲಿ ಗಂಡಸರು ಮೇಲೆ ಹತ್ತಿ ಗಳದಿಂದ ಬಡಿಯುವುದು, ನಾವು ಹೆಂಗಸರು ಕೆಳಗೆ ತಾಡಪತ್ರಿ ಹಾಸಿ ಆರಿಸುವುದು. ಗಳ ಅಂದರೆ ಉದ್ದನೆಯ ಬಿದಿರು. ನಮ್ಮ ಗಳ ಹದಿನೈದು ಅಡಿ.

ಈ ಕೆಲಸಕ್ಕೆ ಒಂದು ಕಟ್ಟುಪಾಡಿದೆ. ಮೇಲಿದ್ದವರನ್ನು ಕೆಳಗಿನವರು ಕರೆಯಬಾರದು. ಕರೆದರೆ ಅವರು ಕೆಳಗೆ ನೋಡುತ್ತಾರೆ, ನೋಡಿದರೆ ಕಾಲು ನಡುಗುತ್ತದೆ. ಕೆಳಗಿನವರು ಮೇಲೆ ನೋಡುವುದೂ ಇಲ್ಲ. ಧೂಳು, ಕಡ್ಡಿ, ಹಣ್ಣು ಎಲ್ಲ ಕಣ್ಣಿಗೇ ಬೀಳುತ್ತವೆ. ಹಾಗಾಗಿ ತಲೆಯ ಮೇಲೆ ಸೆರಗು ಎಳೆದುಕೊಂಡು, ಬಗ್ಗಿ, ನೆಲ ನೋಡುತ್ತಲೇ ಇರುತ್ತೇವೆ. ಮದುವೆಯಾದಾಗಿನಿಂದ ನಾನು ಅವರು ದುಡಿಯುವುದನ್ನು ಹೀಗೆ ಕಿವಿಯಿಂದಲೇ ಕಂಡವಳು.

ಆ ದಿನವೂ ಹಾಗೆಯೇ. ಹುಲಗೂರಿನ ಆಚೆ ಒಂದು ಹೊಲದ ಬದುವಿನ ಮರ. ನನ್ನ ಬೆನ್ನ ಹಿಂದೆ ಸಪ್ಪಳವಾಯಿತು. ಗಳ ಬಿತ್ತು ಅಂದುಕೊಂಡೆ. ಗಳ ಕೈಜಾರುವುದು ದಿನಾ ಇರುವುದೇ; ಬಿದ್ದರೆ ಮೇಲಿನಿಂದ "ಗಳಾ ಕೊಡ್ರಿ" ಎಂದು ಕೂಗುತ್ತಾರೆ, ಯಾರಾದರೂ ಎದ್ದು ಎತ್ತಿ ಕೊಡುತ್ತೇವೆ. ನಾನು ಆ ಕೂಗಿಗೆ ಕಾದೆ. ಕೂಗು ಬರಲಿಲ್ಲ. ತಿರುಗಿ ನೋಡಿದರೆ ಗಳದ ಪಕ್ಕದಲ್ಲಿ ಅವರೂ ಬಿದ್ದಿದ್ದರು. ಶಿಗ್ಗಾಂವಿಯ ಆಸ್ಪತ್ರೆಗೆ ಒಯ್ಯುವ ದಾರಿಯಲ್ಲೂ ಅವರು ಒಂದು ಮಾತೂ ಆಡಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಮಾತಾಡಿಸಲು ಬಂದವರೆಲ್ಲ ಮರದ ಬಗ್ಗೆಯೇ ಮಾತಾಡಿದರು. "ಆಳು ಭಾರ ಇದ್ದ," ಅಂದರು ಒಬ್ಬರು. "ಮೈಯಾಗ ತುಂಬ್ಕೊಂಡಿದ್ದ. ಹಗೂರ ಇದ್ದಾಂವ ಆಗಿದ್ರ ಎಲಿ ಬಿದ್ದಂಗ ಬೀಳ್ತಿದ್ದ, ಬದುಕ್ತಿದ್ದ." ಇನ್ನೊಬ್ಬರು ನನ್ನ ಕಡೆ ನೋಡಿ, "ರೊಟ್ಟಿಗಿ ಬೆಣ್ಣಿ ಹಚ್ಚಿ ಹಚ್ಚಿ ಕೊಟ್ಟಿ," ಅಂದರು. ದುಃಖಕ್ಕೆ ಅಂದ ಮಾತು, ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆದರೂ ಅದು ನನ್ನೊಳಗೆ ಮುಳ್ಳಿನಂತೆ ಕೂತಿತು.

ಮಳೆಗಾಲ ಮುಗಿಯುವ ಹೊತ್ತಿಗೆ ಮಗಳು ಕಟ್ಟೆಯ ಮೇಲೆ ಕೂತು ಈ ಪಾಠವನ್ನು ಗಟ್ಟಿಯಾಗಿ ಓದುತ್ತಿದ್ದಳು. ಭಾರದ್ದೂ ಹಗುರದ್ದೂ ಒಂದೇ ರೀತಿ ಬೀಳುತ್ತವೆ ಎಂಬ ಸಾಲು ಅಡುಗೆಮನೆಯಲ್ಲಿದ್ದ ನನ್ನ ಕಿವಿಗೆ ಬಿತ್ತು. ಹಿಟ್ಟಿನ ಕೈಯಲ್ಲೇ ಹೊರಗೆ ಬಂದೆ.

"ಇನ್ನೊಮ್ಮಿ ಓದು ಅದನ್ನ."

ಓದಿದಳು.

"ಸುಳ್ಳು," ಅಂದೆ. "ಹುಣಸಿ ಎಲಿ ಹೆಂಗ ಬೀಳ್ತೈತಿ, ಹಣ್ಣ ಹೆಂಗ ಬೀಳ್ತೈತಿ ನಾ ನೋಡೇನಿ. ಈ ಬುಕ್ಕ ಬರದಾಂವ ಗಿಡದ ಬುಡಕ ಕುಂತಾನೇನು?"

"ಗಾಳಿ ಇಲ್ಲದ ಜಾಗದಾಗ ಅವ್ವಾ. ಗಾಳಿ ಎಲಿನ್ನ ತಡೀತೈತಿ."

"ಗಾಳಿ ಇಲ್ಲದ ಜಾಗದಾಗ ಹುಣಸಿಗಿಡ ಎಲ್ಲೈತಿ?"

"ಅವ್ವಾ, ನನಗ ನಾಳೆ ಟೆಸ್ಟ್ ಐತಿ."

ಅವಳಿಗೆ ಸೂತ್ರ ಬಾಯಿಪಾಠ. ಅರ್ಥ ಕೇಳಿದರೆ ಸೂತ್ರವನ್ನೇ ತಿರುಗಿ ಹೇಳುತ್ತಿದ್ದಳು. ಒಂಬತ್ತು ಪಾಯಿಂಟ್ ಎಂಟು ಏನು ಎಂದು ಕೇಳಿದೆ. ಮೀಟರ್ ಪ್ರತಿ ಸೆಕೆಂಡ್ ವರ್ಗ ಅಂದಳು. ಹಾಗಾದರೆ ಬೀಳುವವನು ಸೆಕೆಂಡಿಗೆ ಅಷ್ಟು ಮೀಟರ್ ಇಳಿಯುತ್ತಾನೇನು ಅಂದೆ. ಅಲ್ಲ ಅಂದಳು. ಮತ್ತೇನು ಅಂದೆ. ಅದು ವೇಗ ಅಲ್ಲ, ವೇಗೋತ್ಕರ್ಷ ಅಂದಳು. ಈ ವರ್ಗ ಎಲ್ಲಿಂದ ಬಂತು? ನನಗೆ ಗೊತ್ತಿರುವ ವರ್ಗ ಜಾಗದ ಲೆಕ್ಕದ್ದು. ಉದ್ದ ಅಗಲ ಗುಣಿಸಿದರೆ ಚದರ ಅಡಿ. ಸೆಕೆಂಡಿಗೆ ಉದ್ದ ಎಲ್ಲಿದೆ, ಅಗಲ ಎಲ್ಲಿದೆ? ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗಿಬಿಡುವುದನ್ನು ಯಾರು ಹೊಲದ ಹಾಗೆ ಅಳೆದರು?

ಮೊಬೈಲಿನಲ್ಲಿ ಈ ಪಾಠದ ವಿಡಿಯೋಗಳನ್ನು ನೋಡಿದೆ. ಒಂದರಲ್ಲಿ ಯಾರೋ ಪುಕ್ಕವನ್ನೂ ಕಬ್ಬಿಣದ ಗುಂಡನ್ನೂ ಗಾಳಿ ತೆಗೆದ ಕೊಳವೆಯಲ್ಲಿ ಬಿಟ್ಟರು. ಎರಡೂ ಒಟ್ಟಿಗೆ ತಳ ಮುಟ್ಟಿದವು. ನನಗೆ ನಂಬಿಕೆ ಬರಲಿಲ್ಲ. ಮೊಬೈಲಿನಲ್ಲಿ ಏನೇನೋ ತೋರಿಸುತ್ತಾರೆ. ನನ್ನ ಕಣ್ಣೆದುರು ಆಗಬೇಕು ಅನಿಸಿತು.

ಭಾನುವಾರ ಮಧ್ಯಾಹ್ನ ಅತ್ತೆ ಗುಡಿಗೆ ಹೋಗಿದ್ದರು. ಅಂಗಳದಲ್ಲಿ ಹಳೆಯ ತಗಡು ಹಾಸಿ ಮಗಳನ್ನು ಪಕ್ಕದಲ್ಲಿ ನಿಲ್ಲಿಸಿದೆ. ನಾನು ಒಂದು ಕೈಯಲ್ಲಿ ಚಟ್ನಿ ಅರೆಯುವ ಗುಂಡಕಲ್ಲು ಹಿಡಿದು, ಸೆರಗಿನಲ್ಲಿ ಲಿಂಬೆಹಣ್ಣು ಕಟ್ಟಿಕೊಂಡು ನಿಚ್ಚಣಿಕೆ ಹತ್ತಿ ಮಾಳಿಗೆಗೆ ಹೋದೆ. ಅಂಚಿಗೆ ನಿಂತು ಎರಡನ್ನೂ ಒಟ್ಟಿಗೆ ಬಿಟ್ಟೆ. ತಗಡು ಒಮ್ಮೆ ಧಡ್ ಅಂದಿತು.

"ಯಾವುದು ಮೊದಲ ಬಿತ್ತು?"

"ಕೂಡೇ ಬಿದ್ದುವು."

"ಸರಿ ನೋಡು. ತಂದು ಕೊಡು ಮ್ಯಾಲ."

ಮತ್ತೆ ಬಿಟ್ಟೆ. ಒಂದೇ ಸಪ್ಪಳ. ಆದರೆ ಈ ಸಲ ಲಿಂಬೆಹಣ್ಣು ತಗಡಿನಿಂದ ಪುಟಿದು ಉರುಳುತ್ತ ಪಕ್ಕದ ಮನೆಯ ಹೊಸ್ತಿಲ ಮುಂದೆ ಹೋಗಿ ನಿಂತಿತು. ಪಕ್ಕದ ಮನೆಯಾಕೆ ಅದೇ ಹೊತ್ತಿಗೆ ಹೊರಗೆ ಬಂದಳು. ಲಿಂಬೆಹಣ್ಣು ನೋಡಿದಳು, ಮೇಲೆ ನನ್ನನ್ನು ನೋಡಿದಳು.

"ಏ ಯವ್ವಾ! ನಮ್ಮ ಹೊಸ್ತಲಾ ನೋಡಿ ಲಿಂಬಿಹಣ್ಣ ಒಗ್ಯಾಕತ್ತಾಳ! ಏನ ಮಾಟಾ ಮಾಡ್ಸೀದಿ ಇದಕ್ಕ? ನಾವೇನ ಅನ್ಯಾಯ ಮಾಡೇವಿ ನಿನಗ?"

"ಮಾಟಾ ಅಲ್ಲಬೇ, ವಿಜ್ಞಾನ," ಅಂದಳು ಮಗಳು.

"ಭಾನುವಾರ ಹೊತ್ತು ನೆತ್ತಿಮ್ಯಾಲ ಬಂದಾಗ ಯಾ ವಿಜ್ಞಾನಬೇ? ಎತ್ಕೋ ಮೊದಲ ಅದನ್ನ. ಕೈಲೆ ಮುಟ್ಟಬ್ಯಾಡ, ಚಪ್ಪಲಿಲೆ ದೂಡು."

ಈ ಗದ್ದಲಕ್ಕೆ ಓಣಿಯ ತುದಿಯಲ್ಲಿದ್ದ ಅತ್ತೆ ಓಡುತ್ತಲೇ ಬಂದರು. ಅವರು ನೋಡಿದ್ದು ಲಿಂಬೆಹಣ್ಣನ್ನಲ್ಲ. ಮಾಳಿಗೆಯ ಅಂಚಿನಲ್ಲಿ ನಿಂತು ಕೆಳಗೆ ಬಗ್ಗಿ ನೋಡುತ್ತಿದ್ದ ನನ್ನನ್ನು. ಮೊಣಕಾಲು ನೋವಿನ ಹೆಂಗಸು ಆ ನಿಚ್ಚಣಿಕೆಯನ್ನು ಹೇಗೆ ಹತ್ತಿದರೋ, ನನ್ನ ಸೀರೆ ಹಿಡಿದು ಹಿಂದಕ್ಕೆ ಎಳೆದರು. ಇಬ್ಬರೂ ಮಾಳಿಗೆಯ ಮಣ್ಣಿನ ಮೇಲೆ ಕೂತೆವು.

"ನನ್ನ ಮಗನ ಹಿಂದ ಹೋಗಾಕ ನಿಂತಿದ್ದೇನ? ಆ ಹುಡುಗಿನ್ನ ಯಾರ ಮಡ್ಲಾಗ ಹಾಕಿ ಹೋಗಾಕಿದ್ದಿ?"

"ಇಲ್ರಿ ಅತ್ತಿ. ಕಲ್ಲ ಬಿಟ್ಟು ನೋಡಾಕತ್ತಿದ್ದೆ."

"ಕಲ್ಲ ಬಿಟ್ಟು ಏನ ನೋಡ್ತಿ? ಕೆಳಗ ಬೀಳ್ತೈತಿ. ಮತ್ತೇನ ಮ್ಯಾಲ ಹೊಕ್ಕೈತಿ?"

ಆಗ ಹೇಳಿದೆ. ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಭಾರದವರು ಬೇಗ ಬೀಳುತ್ತಾರೆ ಎಂದು ಜನ ಅಂದದ್ದು, ಅದು ಸುಳ್ಳು ಎಂದು ಈಗ ತಗಡು ಹೇಳಿದ್ದು, ಅವರು ಎಷ್ಟು ಹೊತ್ತು ಬಿದ್ದರು ಎಂದು ಲೆಕ್ಕ ಹಾಕಬಹುದಂತೆ ಎಂಬುದು. ಹೇಳುವಾಗಲೇ ನನಗೆ ಇನ್ನೊಂದು ತಿಳಿಯಿತು. ಆ ದಿನ ನಾನು ಕೇಳಿದ್ದು ಒಂದೇ ಸಪ್ಪಳ. ಗಳದ್ದು ಅಂದುಕೊಂಡಿದ್ದೆ. ಅವರದು ಬೇರೆ ಸಪ್ಪಳ ಇರಬೇಕಾಗಿತ್ತು, ಅದು ನನಗೇಕೆ ಕೇಳಲಿಲ್ಲ ಎಂದು ಇಷ್ಟು ದಿನ ಒದ್ದಾಡಿದ್ದೆ. ಎರಡೂ ಕೂಡಿಯೇ ನೆಲ ಮುಟ್ಟಿದ್ದವು. ಹಗುರಾದ ಬಿದಿರೂ, ಭಾರವಾಗಿದ್ದ ಅವರೂ. ನಾನು ಕೇಳಿದ್ದೆ. ಏನು ಕೇಳಿದೆ ಎಂದು ಗೊತ್ತಾಗಿರಲಿಲ್ಲ, ಅಷ್ಟೇ.

ಅತ್ತೆ ಹಿಡಿದುಕೊಂಡಿದ್ದ ನನ್ನ ಸೀರೆಯನ್ನು ಬಿಟ್ಟರು. ಆಮೇಲೆ ಕೇಳಿದರು.

"ಹಂಗಾರ, ಶಿವಾ ಅನ್ನಾಕ ಹೊತ್ತಿತ್ತೇನು ಅವಗ?"

ಅವರು ಮುಂದುವರಿಸಿದರು. "ನಮ್ಮ ಮಾವ ಹೋಗೂಮುಂದ ಅಂದ್ರು. ನಿಮ್ಮ ಮಾವನೂ ಅಂದ್ರು, ನಾನ ಕಿವಿಲೆ ಕೇಳೇನಿ. ಇಂವ ಒಬ್ಬಾಂವ ಅನ್ನದ ಹೋದ್ನೇನೋ ಅಂತ ನನ್ನ ಜೀವಾ ಹರೀತೈತಿ. ನಿನ್ನ ಲೆಕ್ಕದಾಗ ಅದು ಬರತೈತೇನು?"

ಅಲ್ಲಿಯವರೆಗೆ ಅತ್ತೆಯ ಮನಸ್ಸಿನಲ್ಲಿ ಇದಿದೆ ಎಂದು ನನಗೆ ಗೊತ್ತಿರಲಿಲ್ಲ. ಒಂದೇ ಮನೆಯಲ್ಲಿ, ಒಂದೇ ಒಲೆಯ ಮುಂದೆ ಕೂತು, ನಾನು ಆ ಹೊತ್ತು ಸಣ್ಣದಾಗಿರಲಿ ಎಂದು ಬೇಡುತ್ತಿದ್ದೆ. ಅವರು ದೊಡ್ಡದಾಗಿರಲಿ ಎಂದು ಬೇಡುತ್ತಿದ್ದರು.

ಲೆಕ್ಕಕ್ಕೆ ಮೊದಲು ಎತ್ತರ ಬೇಕು. ಅದು ಗೊತ್ತಿದ್ದವರು ಒಬ್ಬರೇ. ಸವಣೂರಿಗೆ ಹೋದೆ. ನಮ್ಮ ಮನೆಯವರ ಪಾಲುದಾರರು ಮರ ಹತ್ತುವುದನ್ನು ಬಿಟ್ಟು ಈಗ ಎಲೆ ಅಡಿಕೆಯ ಸಣ್ಣ ಅಂಗಡಿ ಇಟ್ಟಿದ್ದಾರೆ. ನನ್ನನ್ನು ನೋಡಿದ ಕೂಡಲೇ ಎದ್ದು ನಿಂತರು. ಒಳಗಿನಿಂದ ಕುರ್ಚಿ ತರಿಸಿ ಚಹಾ ಹೇಳಿದರು. ಎಷ್ಟು ಎತ್ತರ ಎಂದು ಕೇಳಿದಾಗ ಮುಖ ಪಕ್ಕಕ್ಕೆ ತಿರುಗಿಸಿದರು.

"ಅದೆಲ್ಲಾ ಯಾಕ ಭಾಬಿ ಈಗ? ಎತ್ತರ ತಗೊಂಡು ಏನ ಮಾಡ್ತೀರಿ?"

"ಬೇಕಾಗೇತ್ರಿ ಅಣ್ಣಾ."

"ಎರಡ ಗಳಾ," ಅಂದರು ಕೊನೆಗೆ. "ಸರೀ ಎರಡ ಗಳಾ. ನಾನು ಆಚೀ ಟೊಂಗಿ ಮ್ಯಾಲಿದ್ದೆ, ಈ ಕಡೆ ಬೆನ್ನ ಇತ್ತು. ಖುದಾ ಸಾಕ್ಷಿ, ನನಗ ಆವಾಜ ಕೇಳಲಿಲ್ಲ. ಎಲಿ ಸರ್‍ ಅಂದದ್ದು ಕೇಳ್ತು. ತಿರುಗಿ ನೋಡೂದ್ರಾಗ ಟೊಂಗಿ ಖಾಲಿ ಇತ್ತು." ಚಹಾದ ಲೋಟ ನನ್ನ ಕಡೆ ಸರಿಸಿ, "ಅಮ್ಮಾ ಹೆಂಗದಾರು?" ಎಂದು ಅತ್ತೆಯನ್ನು ವಿಚಾರಿಸಿದರು. ಅತ್ತೆ ಕೇಳಿದ್ದನ್ನೇ ನಾನು ಅವರಿಗೆ ಕೇಳಿದೆ, ಬೀಳುವಾಗ ನಮ್ಮ ಮನೆಯವರು "ಶಿವಾ" ಅಂದದ್ದು ಕೇಳಿತೇ ಎಂದು. ಅವರು ತಲೆ ಅಲ್ಲಾಡಿಸಿದರು. "ಅಂದಾರ ಅಂತ ಹೇಳ್ರಿ ಅಮ್ಮಾಗ. ನಾ ಹೇಳ್ದೆ ಅಂತ ಹೇಳ್ರಿ."

"ನಿಮಗ ಕೇಳಿಲ್ಲಲ್ರಿ."

"ಕೇಳಿಲ್ಲ. ಕೇಳಿದ್ರ ಚೊಲೊ ಇತ್ತು."

ಆ ಸುಳ್ಳನ್ನು ನಾನು ಅತ್ತೆಗೆ ಒಯ್ಯಲಿಲ್ಲ. ಎರಡು ಗಳ, ಮೂವತ್ತು ಅಡಿ, ಅಷ್ಟನ್ನೇ ಒಯ್ದೆ. ಮಗಳನ್ನು ಕೂರಿಸಿ, "ಮೂವತ್ತು ಎತ್ತರದಿಂದ ಒಂದು ವಸ್ತು ಬಿದ್ದರೆ ಎಷ್ಟು ಸೆಕೆಂಡು?" ಎಂದು ಪುಸ್ತಕದ ಪ್ರಶ್ನೆಯ ಹಾಗೆ ಕೇಳಿದೆ. ಅವಳು ಸೂತ್ರ ಬರೆದಳು. ದೂರದ ಎರಡು ಪಟ್ಟನ್ನು ಒಂಬತ್ತು ಪಾಯಿಂಟ್ ಎಂಟರಿಂದ ಭಾಗಿಸು, ಬಂದದ್ದಕ್ಕೆ ವರ್ಗಮೂಲ ತೆಗೆ. ವರ್ಗಮೂಲದ ಗುಂಡಿ ಕಾಣಲು ಮೊಬೈಲನ್ನು ಅಡ್ಡ ತಿರುಗಿಸಬೇಕು ಎಂದು ಅವಳೇ ತೋರಿಸಿದಳು. ಹೆಚ್ಚುಕಡಿಮೆ ಎರಡೂವರೆ ಸೆಕೆಂಡು ಬಂತು.

ಮಗಳು ಶಾಲೆಗೆ ಹೋದ ಮೇಲೆ ಅತ್ತೆಗೆ ಹೇಳಿದೆ. ಎರಡೂವರೆ ಸೆಕೆಂಡು ಎಷ್ಟಾಗುತ್ತದೆ ಎಂದು ಕೇಳಿದರು. ಮೊಬೈಲಿನ ಸ್ಟಾಪ್‌ವಾಚ್ ಹಚ್ಚಿ ತೋರಿಸಿದೆ. ಅವರು ತಮ್ಮ ಇಷ್ಟಲಿಂಗವನ್ನು ಮುಟ್ಟಿಕೊಂಡು "ಶಿವಾ, ಶಿವಾ" ಅಂದರು. ಇನ್ನೂ ಹೊತ್ತು ಉಳಿದಿತ್ತು. ಅವರ ಮುಖ ಅರಳಿತು. ಮಗ ಹೋದ ಮೇಲೆ ಆ ಮುಖವನ್ನು ನಾನು ಹಾಗೆ ನೋಡಿರಲಿಲ್ಲ.

"ಎರಡೆರಡ ಸಲ ಅನ್ನಬಹುದಾಗಿತ್ತು! ಮತ್ತ ಅಂದಿರ್ತಾನ. ಸಣ್ಣಾಂವ ಇದ್ದಾಗಿಂದ ಕಲ್ಸೇನಿ, ಬಿಡ್ತಾನೇನು?"

ಅತ್ತೆ ಆ ದಿನ ಹೊಟ್ಟೆ ತುಂಬ ಉಂಡರು. ನಾನು ಉಣ್ಣಲಿಲ್ಲ. ಸ್ಟಾಪ್‌ವಾಚನ್ನು ಮತ್ತೆ ಮತ್ತೆ ಹಚ್ಚಿ ನೋಡಿದೆ. ಎರಡೂವರೆ ಸೆಕೆಂಡು ಬಹಳ ದೊಡ್ಡದು. ಅಷ್ಟರಲ್ಲಿ ಎಲ್ಲ ತಿಳಿಯುತ್ತದೆ. ಕೊಂಬೆ ತಪ್ಪಿತು ಎಂದು ತಿಳಿಯುತ್ತದೆ, ಕೆಳಗೆ ಏನಿದೆ ಎಂದು ತಿಳಿಯುತ್ತದೆ, ಹೆಂಡತಿ ಬಗ್ಗಿ ಕೂತಿದ್ದಾಳೆ, ಮೇಲೆ ನೋಡುವುದಿಲ್ಲ ಎಂದೂ ತಿಳಿಯುತ್ತದೆ. ನನಗೆ ಲೆಕ್ಕವೇ ಬೇಡವಾಗಿತ್ತು ಅನಿಸಿತು. ನಿಜ ಬೇಕು ಎಂದು ಹಟ ಹಿಡಿದವಳು ನಾನೇ. ಈಗ ನಿಜ ಸಿಕ್ಕಿತು, ಅದನ್ನು ಎಲ್ಲಿ ಇಡಬೇಕೋ ಗೊತ್ತಾಗಲಿಲ್ಲ.

ಆದರೂ ಒಂದು ವಿಷಯ ಹೊಂದುತ್ತಿರಲಿಲ್ಲ. ಮಾಳಿಗೆಯಿಂದ ಬಿಟ್ಟ ಕಲ್ಲು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ತಗಡು ಮುಟ್ಟಿತ್ತು. ಮರ ಅದರ ಎರಡೂವರೆ ಪಟ್ಟು ಎತ್ತರ ಇದ್ದೀತು, ಹೆಚ್ಚೆಂದರೆ ಮೂರು ಪಟ್ಟು. ಹೊತ್ತು ಇಷ್ಟು ಹೇಗೆ ಬೆಳೆಯಿತು? ಮಗಳನ್ನು ಕೇಳಿದರೆ, "ಸೂತ್ರ ಸರಿ ಐತಿ, ನಾನೇನ ಮಾಡ್ಲಿ," ಅಂದಳು. ಕೊನೆಗೆ ಶಾಲೆಗೇ ಹೋದೆ.

ವಿಜ್ಞಾನದ ಸರ್ ಸಂಭಾವಿತರು. ನಾನು ಮಗಳ ಅಂಕಗಳ ಬಗ್ಗೆ ಬಂದಿದ್ದೇನೆ ಅಂದುಕೊಂಡರು.

"ಶಾಣ್ಯಾಕಿ ಅದಾಳ್ರಿ ಅಕ್ಕಾರ. ಕುಂದರ್ರಿ."

"ಪಾಠದ ಬಗ್ಗೆ ಕೇಳೂದಿತ್ರಿ ಸರ್. ಮೂವತ್ತು ಅಡಿ ಮ್ಯಾಲಿಂದ ಒಂದು ವಸ್ತು ಬಿದ್ರ ಎಷ್ಟು ಹೊತ್ತು ಹಿಡೀತೈತ್ರಿ?"

"ಸೂತ್ರದಾಗ ಹಾಕಿದ್ರ ಬರತೈತ್ರಿ. ಪರೀಕ್ಷಾಕ ಇಂಥಾದು ಎರಡ ಮಾರ್ಕಿಗೆ ಬೀಳ್ತೈತಿ, ಚಿಂತಿ ಮಾಡಬ್ಯಾಡ್ರಿ."

"ಪರೀಕ್ಷಾಕ ಅಲ್ರಿ."

"ಮತ್ತ ಯಾಕ ಬೇಕಾಗಿತ್ರಿ?"

ನಾನು ನಮ್ಮ ಲೆಕ್ಕ ಬರೆದ ಹಾಳೆಯನ್ನು ಮೇಜಿನ ಮೇಲೆ ಇಟ್ಟೆ. ಪಕ್ಕದಲ್ಲಿ ನಿಂತಿದ್ದ ಮಗಳು ನನ್ನ ಮುಖ ನೋಡಿದಳು. ಅವಳಿಗೆ ಆಗ ಗೊತ್ತಾಯಿತು.

"ಅಪ್ಪಂದು," ಅಂದಳು. ಸರ್‌ಗೆ ಅಲ್ಲ, ನನಗೆ. "ಅವ್ವಾ, ಅದು ಅಪ್ಪನ ಲೆಕ್ಕಾ ಏನು? ಮೊದಲ ಹೇಳಿದ್ರ ನಾ ಮಾಡ್ತಿದ್ದಿಲ್ಲ."

ಸರ್ ಕೈಯಲ್ಲಿದ್ದ ಪೆನ್ನನ್ನು ಮೇಜಿನ ಮೇಲೆ ಇಟ್ಟರು. ಆಮೇಲೆ ನಾವು ಮಾಡಿದ ಲೆಕ್ಕವನ್ನು ತೆಗೆದುಕೊಂಡು ನೋಡಿದರು. ತಪ್ಪು ಅವರಿಗೆ ಒಂದೇ ನೋಟಕ್ಕೆ ಕಂಡಿತು. ಪುಸ್ತಕದ ಒಂಬತ್ತು ಪಾಯಿಂಟ್ ಎಂಟು ಮೀಟರಿನದು. ನಾವು ಅದರ ಜೊತೆ ಅಡಿಯನ್ನು ಸೇರಿಸಿದ್ದೆವು.

ಇದಕ್ಕೆ ನಗಬೇಕೋ ಅಳಬೇಕೋ. ನಮ್ಮ ಕಡೆ ಅರಿವೆಯೊಂದನ್ನು ಬಿಟ್ಟರೆ ಯಾವುದನ್ನು ಮೀಟರಿನಲ್ಲಿ ಅಳೆಯುತ್ತಾರೆ? ಗೋಡೆ ಅಡಿ, ಬಾಗಿಲು ಅಡಿ, ಬೋರು ಅಡಿ, ಗಳ ಅಡಿ. ಮೂವತ್ತು ಎಂದು ನಾನು ಹೇಳಿದಾಗ ಯಾವ ಮೂವತ್ತು ಎಂದು ಮಗಳು ಕೇಳಲಿಲ್ಲ. ಅವಳ ಪುಸ್ತಕದಲ್ಲಿ ಬೀಳುವುದೆಲ್ಲ ಮೀಟರಿನಿಂದಲೇ ಬೀಳುತ್ತದೆ. ಯಾವುದು ಎಂದು ಹೇಳಬೇಕೆಂದು ನನಗೂ ಹೊಳೆಯಲಿಲ್ಲ. ನನ್ನ ಬದುಕಿನಲ್ಲಿ ಎತ್ತರವೆಲ್ಲ ಅಡಿಯದೇ.

"ಅಡಿ ಲೆಕ್ಕಕ್ಕ ಇದು ಮೂವತ್ತೆರಡು ಆಕ್ಕೈತ್ರಿ," ಅಂದರು ಸರ್, ಹೊಸದಾಗಿ ಲೆಕ್ಕ ಮಾಡಿದರು. ಒಂದು ಪಾಯಿಂಟ್ ಮೂರು ಏಳು. ಒಂದೂವರೆ ಸೆಕೆಂಡಿಗಿಂತ ಕಡಿಮೆ.

ಒಂಬತ್ತು ಪಾಯಿಂಟ್ ಎಂಟು ಎಂದು ಜಪ ಮಾಡಿದ್ದು ಮೂವತ್ತೆರಡೂ ಆಗಬಹುದು ಎಂದು ಕೇಳಿ ಮತ್ತೆ ಸಿಟ್ಟು ಬಂತು. "ಹಂಗಾರ ಇದು ಏನ್ರಿ? ಆ ಸೆಕೆಂಡಿನ ವರ್ಗ ಯಾವುದ್ರಿ? ಯಾರೂ ಬಿಡಿಸಿ ಹೇಳವಲ್ರು," ಅಂದೆ. ನನ್ನ ದನಿ ಎತ್ತರಕ್ಕೆ ಹೋಗಿತ್ತು. ಪಕ್ಕದ ಕೋಣೆಯಿಂದ ಯಾರೋ ಇಣುಕಿ ಹೋದರು.

"ಬಸ್ಸಿನಾಗ ಕುಂತೀರಿ ಅಂತ ತಿಳೀರಿ," ಅಂದರು ಸರ್. "ಹಾನಗಲ್ ಸ್ಟ್ಯಾಂಡಿನ್ಯಾಗ ಬಸ್ ನಿಂತೈತಿ. ಡ್ರೈವರ್ ಬಿಟ್ಟ ಕೂಡ್ಲೆ ಜೋರ ಓಡ್ತೈತೇನ್ರಿ? ಇಲ್ಲ. ಒಂದ ಸೆಕೆಂಡಿಗೆ ಸ್ವಲ್ಪ ವೇಗ ಬಂತು. ಇನ್ನೊಂದ ಸೆಕೆಂಡಿಗೆ ಅದರ ಮ್ಯಾಲ ಅಷ್ಟ ಮತ್ತ ಕೂಡ್ತು. ಮೂರನೇದ್ದಕ್ಕ ಮತ್ತ ಅಷ್ಟ. ಪ್ರತಿ ಸೆಕೆಂಡಿಗೆ ಹೊಸದಾಗಿ ಕೂಡ್ತೈತಲ್ಲ, ಆ ಕೂಡಿಕಿನ ಈ ಮೂವತ್ತೆರಡು. ವೇಗ ಹೇಳಾಕ ಒಮ್ಮಿ ಸೆಕೆಂಡ್ ಅಂತೇವಿ, ಅದು ಎಷ್ಟು ಹೊತ್ತಿಗೆ ಕೂಡ್ತು ಅನ್ನಾಕ ಇನ್ನೊಮ್ಮಿ ಸೆಕೆಂಡ್ ಅಂತೇವಿ. ಎರಡ ಸಲ ಬಂತು, ಅದಕ ವರ್ಗ ಬರೀತಾರ. ಜಾಗದ ವರ್ಗ ಅಲ್ಲ."

ಅಷ್ಟೇ. ಇಷ್ಟನ್ನು ಇಷ್ಟು ದಿನ ಯಾರೂ ಹೇಳಿರಲಿಲ್ಲ. ನನ್ನ ಕಣ್ಣಿಗೆ ನೀರು ಬಂತು, ಅದು ದುಃಖಕ್ಕೋ ಹಗುರಾದದ್ದಕ್ಕೋ ತಿಳಿಯಲಿಲ್ಲ.

"ಹಂಗಾರ ಮೊದಲ ಸಾವಕಾಶ ಬೀಳ್ತಾರೇನ್ರಿ?"

"ಹೌದ್ರಿ. ಅರ್ಧ ಹೊತ್ತಿನ್ಯಾಗ ಕಾಲಭಾಗ ಎತ್ತರ ಅಷ್ಟ ಇಳೀತೈತಿ. ಉಳಿದದ್ದು ಉಳಿದ ಅರ್ಧದಾಗ."

ನಾನು ಬೆರಳಲ್ಲಿ ಲೆಕ್ಕ ಹಾಕಿದೆ. ಎರಡು ಗಳದ ಕಾಲುಭಾಗ ಅಂದರೆ ಅರ್ಧ ಗಳ. ಬಿದ್ದ ಹೊತ್ತಿನಲ್ಲಿ ಅರ್ಧದಷ್ಟು ಹೊತ್ತು ಅವರು ಕೊಂಬೆಗೆ ಅರ್ಧ ಗಳದ ಒಳಗೇ ಇದ್ದರು. ಎಲೆಗಳ ನಡುವೆಯೇ. ಮರದಲ್ಲೇ ಹೆಚ್ಚು ಬದುಕಿದ ಮನುಷ್ಯ ಅಲ್ಲಿ ಏನು ಮಾಡಿರುತ್ತಾರೆ? ಕೈಗೆ ಸಿಗುವ ಟೊಂಗೆಯನ್ನು ಹುಡುಕಿರುತ್ತಾರೆ. ಅವರು ಹೆದರಲಿಲ್ಲ, ಹುಡುಕಿದರು ಎಂದು ನಾನು ಆ ಕುರ್ಚಿಯಲ್ಲಿ ಕೂತು ನಿರ್ಧರಿಸಿದೆ. ಲೆಕ್ಕ ಹಾಗೆ ಹೇಳುವುದಿಲ್ಲ, ಗೊತ್ತು.

ಏಳುವ ಮೊದಲು ಇನ್ನೊಂದು ಕೇಳಿದೆ. "ಭಾರ ಇದ್ದವರು ಲಗೂ ಬೀಳೂದಿಲ್ಲ, ಹೌದಲ್ರಿ?"

"ಲಗೂ ಬೀಳೂದಿಲ್ರಿ." ಸರ್ ಹೇಳಲೋ ಬೇಡವೋ ಎಂಬಂತೆ ನೋಡಿದರು. "ನೆಲಾ ಮುಟ್ಟಿದಾಗಿನ ಪೆಟ್ಟು ಮಾತ್ರ ಭಾರಕ್ಕ ತಕ್ಕಂಗ ಇರತೈತ್ರಿ."

ಹಾಗಾದರೆ ಊರಿನವರ ಮಾತು ಪೂರ್ತಿ ಸುಳ್ಳೂ ಅಲ್ಲ. ಈ ಶಾಸ್ತ್ರ ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಕಿತ್ತುಕೊಳ್ಳುತ್ತದೆ. ಮನೆ ಹತ್ತಿರ ಬಂದಾಗ ಮಗಳು ನನ್ನ ಕೈ ಹಿಡಿದುಕೊಂಡಳು.

ಅತ್ತೆ ಪಡಸಾಲೆಯಲ್ಲಿ ಶೇಂಗಾ ಬಿಡಿಸುತ್ತಿದ್ದರು. ಹೇಳದೇ ಇರಬಹುದಿತ್ತು. ಅವರು ಎರಡೂವರೆ ಸೆಕೆಂಡಿನಲ್ಲಿ ನೆಮ್ಮದಿಯಾಗಿದ್ದರು, ನಾನು ಒಂದೂವರೆಯೊಳಗೆ ನನ್ನಷ್ಟಕ್ಕೆ ಇರಬಹುದಿತ್ತು. ಆದರೆ ಮಗಳಿಗೂ ಗೊತ್ತು. ಒಂದೇ ಮನೆಯಲ್ಲಿ ಒಬ್ಬ ಮನುಷ್ಯ ಎರಡು ರೀತಿ ಬೀಳುತ್ತಿರುವುದು ನನಗೆ ಸಹಿಸಲಾಗಲಿಲ್ಲ.

"ಅತ್ತೀ, ಲೆಕ್ಕಾ ತಪ್ಪಿತ್ರಿ. ಎರಡೂವರಿ ಅಲ್ಲ. ಒಂದೂವರಿಗೂ ಕಡಿಮಿ."

ಅವರ ಕೈ ನಿಂತಿತು.

"ಮೊನ್ನೆ ಕೊಟ್ಟದ್ದನ್ನ ಇವತ್ತ ಕಸಗೊಳ್ಳಾಕ ಬಂದೀಯೇನ?"

"ಪುಸ್ತಕದಾಗ ಮೀಟರ್ ಇತ್ರಿ, ನಾವು ಅಡಿ ಹಾಕಿದ್ವಿ."

"ನಿನ್ನ ಮೀಟರಿಗೆ ಬೆಂಕಿ ಬೀಳಲಿ. ಆ ಗಿಡಾ ಮೀಟರಿನ್ಯಾಗ ಬೆಳದಿತ್ತೇನು? ನಾಳೆ ಬಂದು ಇನ್ನೂ ಅರ್ಧಾ ಇಳಸ್ತಿ. ಇಳಸ್ಕೋತ ಹೋಗು, ನನ್ನ ಮಗಾ ಬಿದ್ದಾ ಇಲ್ಲ ಅಂತ ಆಗೂತನಕ ಇಳಸು."

"ಒಮ್ಮಿ ಅನ್ನಾಕ ಹೊತ್ತು ಇರತೈತ್ರಿ," ಅಂದೆ. "ಒಂದ ಸಲ."

ಅವರು ನನ್ನನ್ನು ದುರುಗುಟ್ಟಿ ನೋಡಿದರು. ಆಮೇಲೆ ಮೊಬೈಲ್ ಹಚ್ಚು ಅಂದರು. ನಾನು ಹಚ್ಚಿದೆ. ಅವರು "ಶಿವಾ" ಅಂದರು. ಹಲ್ಲಿಲ್ಲದ ಬಾಯಿ, ಉಸಿರು ಎಳೆದುಕೊಂಡು ಹೇಳುವಷ್ಟರಲ್ಲಿ ಹೊತ್ತು ಮೀರಿತು. ಇನ್ನೊಮ್ಮೆ ಪ್ರಯತ್ನಿಸಿದರು. ಮತ್ತೆ ಮೀರಿತು.

"ನಾ ಮುದುಕಿ. ನೀ ಅನ್ನು. ಅವನ ವಾರಿಗೀಯಾಕಿ ನೀ."

ನಾನು ಎದ್ದು ನಿಂತೆ. ಮಗಳು ಮೊಬೈಲ್ ತೆಗೆದುಕೊಂಡು, "ಹೂಂ," ಅಂದಳು. ಬೀಳುತ್ತಿದ್ದೇನೆ ಎಂದು ಮನಸ್ಸಿನಲ್ಲಿ ತಂದುಕೊಂಡೆ. ಕಾಲ ಕೆಳಗೆ ಕೊಂಬೆ ಇಲ್ಲ. ಎರಡೂ ಕೈ ತಾವಾಗಿಯೇ ಮೇಲೆದ್ದವು, ಹಿಡಿಯಲು. ಮಾತು ಬರಲಿಲ್ಲ. ಹೊತ್ತು ಮುಗಿಯಿತು ಎಂದು ಮಗಳು ಅಂದಾಗ ನನ್ನ ಬಾಯಿ ತೆರೆದಿತ್ತು, ಒಳಗೆ ಏನೂ ಇರಲಿಲ್ಲ.

ಅತ್ತೆ ಎಲ್ಲವನ್ನೂ ನೋಡಿದರು. ನನ್ನ ಕೈಗಳು ಇನ್ನೂ ಮೇಲೆಯೇ ಇದ್ದದ್ದನ್ನೂ ನೋಡಿದರು. ಅವರ ಸಿಟ್ಟು ಎಲ್ಲಿ ಹೋಯಿತೋ ತಿಳಿಯದು.

"ಕುಂದರು," ಅಂದರು. "ನಿನಗ ಬರಲಿಲ್ಲ ಅಂದ್ರ ಅವಗ ಬಂದಿಲ್ಲ ಅಂತೇನ? ಅಂವ ಮಾತು ಲಗೂ ಆಡ್ತಿದ್ದ. ನನ್ನ ಮಗಾ ನನಗ ಗೊತ್ತಿಲ್ಲೇನು?"

ನಾನು ಕೂತೆ. ಅವರು ಶೇಂಗಾದ ಮೊರವನ್ನು ನನ್ನ ಕಡೆ ಸರಿಸಿ, ಮೊಮ್ಮಗಳಿಗೆ ಆ ಮೊಬೈಲನ್ನು ಆಚೆ ಇಡು ಅಂದರು.